ಗಂಜಿಯ ಮೇಲೆ ನಿಂತ ಕೌದಿ

ಕಿರಿಯ ಸೊಸೆಗೆ ಹಿರಿಯ ಸೊಸೆಯ ಮೇಲಿದ್ದ ಸಿಟ್ಟು ಸಾಮಾನ್ಯದ್ದಲ್ಲ. ಒಂದೇ ಮನೆಯ ಓರಗಿತ್ತಿಯರ ನಡುವೆ ನಲ್ಲಿ ನೀರಿಗೋ ಬಟ್ಟೆ ಒಣಹಾಕುವ ತಂತಿಗೋ ಬರುವಂಥ ಸಿಟ್ಟಾಗಿದ್ದರೆ ಸಂಜೆಯೊಳಗೆ ಇಳಿದುಹೋಗುತ್ತಿತ್ತು. ಇದನ್ನು ಅವಳು ಜೋಪಾನವಾಗಿ ಸಾಕಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಹಲ್ಲುಜ್ಜುವ ಮೊದಲು ಒಮ್ಮೆ ಒಳಗೆ ಕೈಹಾಕಿ ನೋಡಿಕೊಳ್ಳುತ್ತಿದ್ದಳು, ಇದೆಯೋ ಇಲ್ಲವೋ ಎಂದು. ಇರುತ್ತಿತ್ತು. ಆಮೇಲೆ ನೆಮ್ಮದಿಯಾಗಿ ಕೆಲಸಕ್ಕೆ ಹತ್ತುತ್ತಿದ್ದಳು.

ಹಿರಿಯವಳು ಮಹಡಿಯ ಮೇಲೆ, ಕಿರಿಯವಳು ಕೆಳಗೆ ಅತ್ತೆಯ ಜೊತೆ. ನಡುವೆ ಒಂದು ಕಬ್ಬಿಣದ ಮೆಟ್ಟಿಲು. ಗಂಡಂದಿರು ಅಣ್ಣತಮ್ಮಂದಿರು, ಇಬ್ಬರೂ ಸೇರಿ ಪೇಂಟಿನ ಅಂಗಡಿ ಇಟ್ಟಿದ್ದರು. ಅವರ ಪಾಲಿಗೆ ಕೌದಿ ಎಂದರೆ ಚಳಿಯಾದಾಗ ಹೊದೆಯುವುದು, ಸೆಕೆಯಾದಾಗ ಒದೆಯುವುದು, ಅಷ್ಟೇ. ಆದರೆ ಸೊಸೆಯರಿಬ್ಬರಿಗೂ ಕೌದಿಯೇ ಪ್ರಾಣ. ಹಿಂದಿನ ಬೀದಿಯಲ್ಲಿ, ಹಳೆಯ ಗೋದಾಮೊಂದರಲ್ಲಿ, ಹೊಲಿಗೆ ಹಾಲ್ ಇತ್ತು. ಉದ್ದುದ್ದ ಮೇಜು, ಸಾಲಾಗಿ ಇಸ್ತ್ರಿ ಪೆಟ್ಟಿಗೆ, ಗೋಡೆಯ ಮೇಲೆಲ್ಲ ತೂಗುಹಾಕಿದ ಕೌದಿಗಳು. ಅಲ್ಲಿಗೆ ಸುತ್ತಲಿನ ಹೆಂಗಸರೆಲ್ಲ ಬರುತ್ತಿದ್ದರು. ಅದನ್ನು ನಡೆಸುತ್ತಿದ್ದ ಹೆಂಗಸಿನ ಕೊರಳಲ್ಲಿ ಸದಾ ಅಳತೆ ಟೇಪು ಜೋತಾಡುತ್ತಿದ್ದರಿಂದ ಎಲ್ಲರೂ ಅವಳನ್ನು ಟೇಪಮ್ಮ ಎನ್ನುತ್ತಿದ್ದರು. ಟೇಪಮ್ಮ ಎದುರಿಗಿದ್ದರೂ ಹಾಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಆ ಹಾಲಿನಲ್ಲಿ ಕಲಿಸುವವರಿಗೆಂದು ಒಂದು ಎತ್ತರದ ಕುರ್ಚಿ ಇತ್ತು. ಎರಡು ವರ್ಷದ ಹಿಂದೆ ಅದು ಖಾಲಿಯಾದಾಗ, ಆ ಸಲದ ಪ್ರದರ್ಶನದಲ್ಲಿ ಯಾರ ಕೌದಿ ಮೇಲೆನಿಸುತ್ತದೋ ಅವರೇ ಕೂರಲಿ ಎಂದು ಟೇಪಮ್ಮ ಹೇಳಿಬಿಟ್ಟಳು. ಕಿರಿಯವಳು ಆಗ ಒಂದು ನಕ್ಷತ್ರ ಹಾಕುತ್ತಿದ್ದಳು. ಇಡೀ ಮಂಚದಗಲದ ಒಂದೇ ನಕ್ಷತ್ರ, ನಡುವಿನ ಬಿಂದುವಿನಿಂದ ಹೊರಗೆ ಸುತ್ತುಸುತ್ತಾಗಿ ಬಣ್ಣ ತಿರುಗುವಂಥದ್ದು. ಅದರ ಪ್ರತಿ ತುಂಡನ್ನೂ ಓರೆಯಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಬಟ್ಟೆ ಮುದ್ದು ಮಾಡಿ ಕೆಡಿಸಿದ ಮಗುವಿನ ಹಾಗೆ, ಯಾರು ಎತ್ತ ಎಳೆದರೆ ಅತ್ತ ಹೋಗುತ್ತದೆ. ಅದಕ್ಕೇ ಕತ್ತರಿಸುವ ಮೊದಲೇ ಗಂಜಿ ಹಾಕಬೇಕು. ಗಂಜಿಯಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಎಳೆಯದೆ ಎತ್ತಿ ಎತ್ತಿ ಒತ್ತಿ, ಕಾಗದದ ಹಾಗೆ ಸೆಟೆದು ನಿಲ್ಲುವಂತೆ ಮಾಡಿ, ಆಮೇಲೆ ಕತ್ತರಿ. ಕಿರಿಯವಳು ಹಾಗೇ ಮಾಡಿದ್ದಳು. ತುಂಡುಗಳೆಲ್ಲ ಕೂಡಿಕೊಂಡವು, ಮೂಲೆಗೆ ಮೂಲೆ ಕೂತಿತು. ಇನ್ನು ಅಡಿಗೆ ಅಸ್ತರು, ನಡುವೆ ಹತ್ತಿ ಹಾಸಿ ಮೂರನ್ನೂ ಸೇರಿಸಿ ಹೊಲಿಯುವುದಷ್ಟೇ ಬಾಕಿ. ಮಡಿಸಿ ಮಂಚದ ಮೇಲಿಟ್ಟು ಹತ್ತಿ ತರಲು ಅಂಗಡಿಗೆ ಹೋದಳು.

ವಾಪಸು ಬರುವಷ್ಟರಲ್ಲಿ ಹಿರಿಯವಳು ಅದನ್ನು ವಾಷಿಂಗ್ ಮಷೀನಿಗೆ ಹಾಕಿ, ತಿರುಗಿಸಿ, ತಾರಸಿಯ ಮೇಲೆ ಒಣಗಲು ಹರವಿಯಾಗಿತ್ತು.

ಗಂಜಿ ಹೋದ ಮೇಲೆ ಆ ನಕ್ಷತ್ರದಲ್ಲಿ ಏನೂ ಉಳಿದಿರಲಿಲ್ಲ. ಅಂಚುಗಳೆಲ್ಲ ಎಳೆದುಕೊಂಡು ಅಲೆಅಲೆಯಾಗಿದ್ದವು. ಹಿಂಭಾಗದ ಹೊಲಿಗೆಯ ಬದಿಗಳು ಎಳೆ ಬಿಚ್ಚಿಕೊಂಡು ಒಂದಕ್ಕೊಂದು ಗಂಟುಬಿದ್ದಿದ್ದವು, ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲಿನ ಹಾಗೆ. ನಡುವಿನ ಬಿಂದು ಇದ್ದ ಕಡೆ ಒಂದು ತೂತು.

“ಹೊಲಿದು ಮುಗಿಸಿದ್ದೀಯ ಅಂದ್ಕೊಂಡೆ ಕಣೇ,” ಎಂದಳು ಹಿರಿಯವಳು, ಎದೆಯ ಮೇಲೆ ಕೈಯಿಟ್ಟುಕೊಂಡು. “ಮಂಚದ ಮೇಲೆ ಬಿದ್ದಿತ್ತು, ಇಸ್ತ್ರಿ ಕಲೆ ಬೇರೆ ಆಗಿತ್ತು. ತೊಳೆದುಕೊಟ್ರೆ ಖುಷಿ ಪಡ್ತೀಯ ಅಂತ ಹಾಕಿದೆ. ಮುಟ್ಟಿ ನೋಡಿದೆ, ದಪ್ಪಗೆ ಗಟ್ಟಿಯಾಗಿತ್ತು. ಒಳಗೆ ಹತ್ತಿ ಇದೆ ಅಂದ್ಕೊಂಡೆ. ಬರೀ ಗಂಜಿ ಅಂತ ಮುಟ್ಟಿದ್ರೆ ಹೇಗೆ ಗೊತ್ತಾಗಬೇಕು ಹೇಳು?”

ಹೇಳಿ ಅತ್ತಳು. ಅತ್ತದ್ದು ಹಿರಿಯವಳು! ಅತ್ತೆ ಓಡಿಬಂದು ಅವಳ ಬೆನ್ನು ಸವರಿದರು. “ಪಾಪ, ಒಳ್ಳೇದು ಮಾಡೋಕೆ ಹೋಗಿ ಹೀಗಾಯ್ತು. ಬಿಡಮ್ಮಾ,” ಎಂದು ಕಿರಿಯವಳಿಗೇ ಬುದ್ಧಿ ಹೇಳಿದರು. ಪ್ರದರ್ಶನಕ್ಕೆ ಹಿರಿಯವಳದ್ದೊಂದು ಚೌಕ ಚೌಕದ ಸಾದಾ ಕೌದಿ ಹೋಯಿತು. ಕುರ್ಚಿಯೂ ಅವಳಿಗೇ ಹೋಯಿತು. ಕುರ್ಚಿಯಲ್ಲಿ ಕೂತು ಆ ಕಥೆಯನ್ನು ಅವಳು ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದಳು, ಪ್ರತಿ ಸಲವೂ ಕಣ್ಣೊರೆಸಿಕೊಂಡು. ಕೇಳಿದವರೆಲ್ಲ, ಅಯ್ಯೋ ಪಾಪ, ನೀವು ಎಷ್ಟು ನೊಂದ್ಕೊಂಡ್ರೋ ಎನ್ನುತ್ತಿದ್ದರು. ಮೂಲೆಯಲ್ಲಿ ಗಂಜಿಯ ಬೋಗುಣಿ ಇಟ್ಟುಕೊಂಡು ಕೂತ ಕಿರಿಯವಳ ಕಡೆ ಯಾರೂ ತಿರುಗುತ್ತಿರಲಿಲ್ಲ.

ಇಪ್ಪತ್ತು ವರ್ಷದಿಂದ ಕೌದಿ ಹಾಕುತ್ತಿರುವವಳಿಗೆ ಕೈಯಲ್ಲಿರುವುದು ಹತ್ತಿಯೋ ಗಂಜಿಯೋ ತಿಳಿಯುವುದಿಲ್ಲವಂತೆ! ಕಿರಿಯವಳು ಒಂದೆರಡು ಸಲ ಈ ಮಾತೆತ್ತಿದಳು. ಗಂಡ, “ಅತ್ತಿಗೆ ಮೇಲೆ ಅಷ್ಟು ಅನುಮಾನ ಒಳ್ಳೇದಲ್ಲ,” ಎಂದ. ಅತ್ತೆ, “ಹೊಟ್ಟೆಕಿಚ್ಚು ಪಡಬೇಡಮ್ಮಾ, ಮನೆಗೆ ಒಳ್ಳೇದಾಗಲ್ಲ,” ಎಂದರು. ಅಂದರೆ ನಕ್ಷತ್ರವೂ ಅವಳದೇ ಹೋಯಿತು, ಸಣ್ಣ ಬುದ್ಧಿಯವಳೆಂಬ ಹೆಸರೂ ಅವಳಿಗೇ ಬಂತು. ಅಂದಿನಿಂದ ಅವಳಿಗೆ ಬೇಕಾಗಿದ್ದದ್ದು ಒಂದೇ. ಕುರ್ಚಿ ಬೇಡ, ಕ್ಷಮೆಯೂ ಬೇಡ. ‘ನನಗೆ ಗೊತ್ತಿತ್ತು’ ಎಂದು ಆ ಬಾಯಿಂದ, ನಾಲ್ಕು ಜನರೆದುರು ಬರಬೇಕು. ಬರದಿದ್ದರೆ ಅಷ್ಟೇ ನೋವು ಅವಳಿಗೂ ಆಗಬೇಕು, ಅದೂ ನಾಲ್ಕು ಜನರೆದುರು.

ಅವಕಾಶ ಮೆಟ್ಟಿಲಿಳಿದು ತಾನಾಗಿಯೇ ಬಂತು.

ಹಾಲಿಗೆ ಹೊಸ ಮುಂಬಾಗಿಲು ಕಟ್ಟಿಸಿದ್ದರು. ಒಳಗೆ ಬಂದವರಿಗೆ ಎದುರಿಗೇ ಕಾಣುವಂತೆ ಒಂದು ದೊಡ್ಡ ಕೌದಿ ಬೇಕು, ಅದು ಟೀಚರ್ ಕೈಯದ್ದೇ ಆಗಬೇಕು ಎಂದಿದ್ದಳು ಟೇಪಮ್ಮ. ಟೀಚರಾಗಿದ್ದ ಹಿರಿಯವಳಿಗೋ ಬಲಗೈ ಹೆಬ್ಬೆರಳು ಹಿಡಿದುಕೊಂಡುಬಿಟ್ಟಿತ್ತು. ಸೂಜಿ ಹಿಡಿದರೆ ಜೀವ ಹೋಗುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಹಿರಿಯವಳು ಕೆಳಗಿಳಿದು ಬಂದು, ಬೆರಳಿಗೆ ಸುತ್ತಿದ ಪಟ್ಟಿಯನ್ನು ಮುಂದೆ ಹಿಡಿದು, ಬೆಣ್ಣೆ ಸವರಿದಂತೆ ಮಾತಾಡಿದಳು.

“ನಿನ್ನ ಬಿಟ್ರೆ ನನಗ್ಯಾರಿದ್ದಾರೆ ಹೇಳು? ನೀನೇ ಮಾಡಿಕೊಟ್ಟುಬಿಡು. ಆದ್ರೆ ಯಾರಿಗೂ ಗೊತ್ತಾಗೋದು ಬೇಡ ಆಯ್ತಾ? ಟೀಚರ್ ಅಂತ ಕರೆಸ್ಕೊಂಡು ಬೇರೆಯವರ ಕೈಲಿ ಮಾಡಿಸಿದ್ಲು ಅಂತಾಗುತ್ತೆ.”

“ಅದಕ್ಕೇನಕ್ಕ, ಮಾಡಿಕೊಡ್ತೀನಿ,” ಎಂದಳು ಕಿರಿಯವಳು. ಉತ್ತರ ಎಷ್ಟು ಬೇಗ ಬಂತೆಂದರೆ ಅವಳಿಗೇ ಗಾಬರಿಯಾಯಿತು. “ಬಳ್ಳಿ ಹಾಕೋಣ, ಎಲೆ, ಹಕ್ಕಿ. ಎಲ್ಲ ಕಾಣದ ಹೊಲಿಗೇಲಿ.”

ಹಿರಿಯವಳ ಮುಖ ಅರಳಿತು. ಕಾಣದ ಹೊಲಿಗೆ ಎಂದರೆ ಹಾಲಿನ ಹೆಮ್ಮೆ. ಎಲೆಯ ಆಕಾರದ ತುಂಡಿನ ಅಂಚಿಗೆ ಗಂಜಿ ಸವರಿ, ಒಳಗೆ ಮಡಚಿ, ಇಸ್ತ್ರಿ ಒತ್ತಿದರೆ ಅಂಚು ಚೂರಿಯ ಹಾಗೆ ಚೊಕ್ಕವಾಗಿ ನಿಲ್ಲುತ್ತದೆ. ಅದನ್ನು ಅಡಿಬಟ್ಟೆಯ ಮೇಲಿಟ್ಟು, ಜಾರದಿರಲೆಂದು ಒಂದೆರಡು ತೊಟ್ಟು ಗಂಜಿಯಲ್ಲೇ ಅಂಟಿಸಿ, ಆಮೇಲೆ ಅಂಚಿನ ಕೆಳಗೆ ಸೂಜಿ ನುಸುಳಿಸುತ್ತ ದಾರ ಒಂದಿಷ್ಟೂ ಕಾಣದಂತೆ ಹೊಲಿಯಬೇಕು. ಕೈ ಎಷ್ಟು ಪಳಗಿರುತ್ತದೋ ಹೊಲಿಗೆ ಅಷ್ಟು ಕಾಣದಾಗುತ್ತದೆ. ಅತ್ಯುತ್ತಮ ಕೆಲಸವೆಂದರೆ ಹೊಲಿಗೆಯೇ ಇಲ್ಲವೇನೋ ಅನ್ನಿಸಬೇಕು.

ಕಿರಿಯವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಹೊಲಿಗೆಯನ್ನು ಹಾಕಲೇ ಇಲ್ಲ.

“ಮುಗಿಯೋವರೆಗೂ ನೋಡಬೇಡಿ ಅಕ್ಕ, ಒಂದೇ ಸಲ ನೋಡಿ,” ಎಂದು ಬಾಗಿಲು ಹಾಕಿಕೊಂಡು ಕೂತಳು. ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಗಾಜಿನಂತಾದಾಗ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿದಳು. ಅಂಚಿಗೆ ಹಚ್ಚಲು ನೀರಾಗಿ ಒಂದು ಬಟ್ಟಲು, ಅಂಟಿಸಲು ದಪ್ಪಗೆ ಇನ್ನೊಂದು ಬಟ್ಟಲು. ಬ್ರಷ್ಷಿನಲ್ಲಿ ಎಲೆಯ ಹಿಂಬದಿಗೆ ಪೂರ್ತಿ ಸವರಿ, ಜಾಗಕ್ಕಿಟ್ಟು, ಮೇಲೊಂದು ಒದ್ದೆ ಬಟ್ಟೆ ಹಾಕಿ, ಪೆಟ್ಟಿಗೆ ಒತ್ತಿ ಹಿಡಿದರೆ ಸುಂಯ್ ಎಂದು ಆವಿ ಎದ್ದು ಎಲೆ ಅಡಿಬಟ್ಟೆಗೆ ಕಚ್ಚಿಕೊಳ್ಳುತ್ತಿತ್ತು. ಪ್ರತಿ ಸುಂಯ್‌ಗೂ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಇದು ನೀನು ಅತ್ತದ್ದಕ್ಕೆ. ಇದು ಅತ್ತೆ ನಿನ್ನ ಬೆನ್ನು ಸವರಿದ್ದಕ್ಕೆ. ಈ ಹಕ್ಕಿ ನೀನು ಕುರ್ಚಿಯಲ್ಲಿ ಕೂತು ಹೇಳುವ ಕಥೆಗೆ. ಆಮೇಲೆ ಅಸ್ತರು ಕೊಟ್ಟು, ಹತ್ತಿ ಹಾಸಿ, ಎಲೆಗಳ ಮೇಲೆ ಒಂದು ಹೊಲಿಗೆಯೂ ಬೀಳದಂತೆ ಅವುಗಳ ಸುತ್ತಮುತ್ತ ಮಾತ್ರ ಹೊಲಿದು ಮೂರು ಪದರವನ್ನೂ ಸೇರಿಸಿದಳು. ಅದು ಅಪ್ಪಟ ಹೊಲಿಗೆ. ಅದರಲ್ಲಿ ಮೋಸ ಮಾಡಲು ಅವಳ ಕೈ ಒಪ್ಪಲಿಲ್ಲ.

ಒಂದು ಸಲ ಅತ್ತೆ ಬಾಗಿಲ ಸಂದಿಯಿಂದ ಇಣುಕಿದರು. “ಏನೇ ಇದು, ಕೈಯಲ್ಲಿ ಸೂಜಿ ಕಾಣ್ತಿಲ್ಲ, ಬ್ರಷ್ಷು ಕಾಣ್ತಿದೆ? ಅಂಗಡಿ ಪೇಂಟು ಮನೆಗೂ ಬಂತಾ?”

“ಹೊಸ ಪದ್ಧತಿ ಅತ್ತೆ,” ಎಂದಳು ಕಿರಿಯವಳು. ಅತ್ತೆ ಮೂಗು ಮುರಿದು ಹೋದರು.

ಇಷ್ಟೆಲ್ಲ ಮಾಡಿದ್ದು ಯಾವ ಗಳಿಗೆಗಾಗಿ ಎಂದರೆ ಮೊದಲ ನೀರಿಗಾಗಿ. ಆ ಹಾಲಿನಲ್ಲೊಂದು ಕಟ್ಟುನಿಟ್ಟು ಇತ್ತು. ಹಿಂದೊಮ್ಮೆ ಯಾರದೋ ಕೌದಿಯ ಕೆಂಪು ಬಣ್ಣ ಕೊಂಡವರ ಮನೆಯಲ್ಲಿ ಇಳಿದು ದೊಡ್ಡ ರಂಪವಾದ ಮೇಲೆ, ನೀರು ಕಾಣದ ಯಾವ ಕೌದಿಯೂ ಗೋಡೆ ಹತ್ತಕೂಡದು, ಮಾರಾಟಕ್ಕೆ ಹೋಗಕೂಡದು ಎಂದು ಟೇಪಮ್ಮ ತೀರ್ಮಾನ ಮಾಡಿದ್ದಳು. ಹಿತ್ತಿಲಿನಲ್ಲಿ ದೊಡ್ಡ ಟಬ್ಬಿಗೆ ನೀರು ತುಂಬಿ, ಎಲ್ಲರೂ ಸುತ್ತ ನಿಂತಿರುವಾಗ, ಮಾಡಿದವಳೇ ತನ್ನ ಕೈಯಾರೆ ಕೌದಿಯನ್ನು ಮುಳುಗಿಸಬೇಕು. ಬಣ್ಣ ನಿಂತರೆ, ಹೊಲಿಗೆ ನಿಂತರೆ, ಕೌದಿ ಪಾಸು. ಟೀಚರ್ ಕೌದಿಯ ಮೊದಲ ನೀರಿಗಂತೂ ಊರಿಗೆ ಊರೇ ಬರುತ್ತದೆ. ಹಿರಿಯವಳು ಮುಳುಗಿಸುತ್ತಾಳೆ. ಎಲೆ, ಹೂವು, ಹಕ್ಕಿ ಒಂದೊಂದಾಗಿ ಮೇಲಕ್ಕೆ ತೇಲಿ ಬರುತ್ತವೆ. ಅವಳೇನು ಹೇಳಬಲ್ಲಳು? ಇದು ನಾನು ಮಾಡಿದ್ದಲ್ಲ ಎಂದರೆ ಇಷ್ಟು ದಿನ ಸುಳ್ಳು ಹೇಳಿದಂತೆ. ನಾನೇ ಮಾಡಿದ್ದು ಎಂದರೆ ಕುರ್ಚಿ ಬಿಟ್ಟು ಇಳಿದಂತೆ. ಈ ಚಿತ್ರವನ್ನು ಕಿರಿಯವಳು ಪಾತ್ರೆ ತೊಳೆಯುವಾಗ, ತರಕಾರಿ ಹೆಚ್ಚುವಾಗ ಎಷ್ಟು ಸಲ ನೋಡಿದ್ದಳೆಂದರೆ, ನಿಜವಾಗಿ ನಡೆಯುವುದೇ ಬೇಡ ಎನ್ನುವಷ್ಟು ರುಚಿಯಾಗಿತ್ತು.

ಕೌದಿ ಹಾಲಿಗೆ ಹೋದ ದಿನ ಟೇಪಮ್ಮ ಕನ್ನಡಕ ಏರಿಸಿ, ಇಳಿಸಿ, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದಳು.

“ಹೊಲಿಗೆಯೇ ಕಾಣಲ್ವಲ್ರೀ!” ಎಂದು ಕೂಗಿದಳು. “ಬನ್ರೇ ಎಲ್ಲಾರೂ, ನೋಡಿ, ಕಲೀರಿ! ಎಲ್ಲಿದೆ ಹೊಲಿಗೆ ತೋರಿಸಿ ನೋಡೋಣ?”

ಎಲ್ಲರೂ ಹುಡುಕಿದರು. ಯಾರಿಗೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಹಿರಿಯವಳು ಪಟ್ಟಿ ಬಿಚ್ಚಿದ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಏನೋ ಕೈಲಾದ ಮಟ್ಟಿಗೆ,” ಎಂದು ನಾಚಿದಳು. ಕಿರಿಯವಳು ನಗು ಉಕ್ಕಿ ಬಂದು ಗಂಜಿಯ ಬೋಗುಣಿಯೊಳಗೆ ಮುಖ ಬಗ್ಗಿಸಿದಳು. ಅಂದು ಸಂಜೆ, ಮಡಿಕೆಯ ಗುರುತು ಬಿದ್ದಿದೆ, ಇಸ್ತ್ರಿ ಮಾಡಿ ತರುತ್ತೇನೆ ಎಂದು ಹಿರಿಯವಳು ಕೌದಿಯನ್ನು ಮನೆಗೆ ತಂದುಕೊಂಡಳು. ಕಿರಿಯವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇಸ್ತ್ರಿ ಹಾಕಿದಷ್ಟೂ ಗಂಜಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ ತಾನೇ?

ಮೊದಲ ನೀರಿನ ದಿನ ಹಿತ್ತಿಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅತ್ತೆ ಕೂತಿದ್ದರು, ಹಿರಿಯ ಸೊಸೆಯ ಗೌರವ ನೋಡಲೆಂದು ಹೊಸ ಬಟ್ಟೆ ಉಟ್ಟು. ಟಬ್ಬು ತುಂಬಿತ್ತು. ಪಕ್ಕದ ಮೇಜಿನ ಮೇಲೆ ಕೌದಿ. ಕಿರಿಯವಳು ಎಲ್ಲರಿಗಿಂತ ಹಿಂದೆ, ಆದರೆ ಟಬ್ಬು ಚೆನ್ನಾಗಿ ಕಾಣುವ ಕಡೆ, ನಿಂತಿದ್ದಳು.

ಟೇಪಮ್ಮ ನಾಲ್ಕು ಮಾತಾಡಿದ ಮೇಲೆ ಹಿರಿಯವಳು ಮುಂದೆ ಬಂದಳು. ಗಂಟಲು ಸರಿಮಾಡಿಕೊಂಡಳು.

“ಒಂದು ಮಾತು ಹೇಳದೆ ಇದ್ರೆ ನನ್ನ ಮನಸ್ಸಿಗೆ ಸಮಾಧಾನ ಇರಲ್ಲ,” ಎಂದಳು. “ನನ್ನ ಹೆಬ್ಬೆರಳು ನೋಡಿ, ಹಿಡಿದುಕೊಂಡುಬಿಟ್ಟಿದೆ. ಈ ಕೌದಿ ನಾನು ಮಾಡಿದ್ದಲ್ಲ. ಪೂರ್ತಿ ನನ್ನ ಓರಗಿತ್ತಿ ಕೈಯದ್ದು. ಒಂದೆಲೇನೂ ನನ್ನದಲ್ಲ. ಅವಳ ಹೆಸರಲ್ಲೇ ಗೋಡೆ ಹತ್ತಲಿ. ಬಾರೇ, ಬಾ ಮುಂದಕ್ಕೆ. ನೀನೇ ನೀರಿಗೆ ಹಾಕು.”

ಚಪ್ಪಾಳೆ. ತಿರುಗಿದ ಮುಖಗಳೆಲ್ಲ ಅವಳನ್ನು ನೋಡುತ್ತಿದ್ದವು. ಅತ್ತೆ ಕಣ್ಣೊರೆಸಿಕೊಂಡು, “ನೋಡಿದ್ರಾ ನನ್ನ ದೊಡ್ಡ ಸೊಸೆ ಮನಸ್ಸು!” ಎಂದರು. ಯಾರೋ ಕಿರಿಯವಳನ್ನು ಬೆನ್ನು ತಟ್ಟಿ ಮುಂದೆ ತಳ್ಳಿದರು. ಎರಡು ವರ್ಷ ಈ ಹಿತ್ತಿಲಿನಲ್ಲಿ ತನ್ನ ಹೆಸರು ಒಮ್ಮೆ ಕೇಳಿಬರಲಿ ಎಂದು ಒಳಗೊಳಗೇ ಬೇಯುತ್ತಿದ್ದವಳು, ಅದು ಕೇಳಿಬಂದ ಗಳಿಗೆಯಲ್ಲಿ ಕಾಲಿಗೆ ಕಲ್ಲು ಕಟ್ಟಿದವಳ ಹಾಗೆ ನಡೆದು ಟಬ್ಬಿನ ಹತ್ತಿರ ಬಂದಳು.

ಮೇಜಿನ ಮೇಲಿನ ಕೌದಿಯನ್ನು ನೋಡಿದಳು. ಬಲಗಡೆ ಕೆಳಮೂಲೆಯ ಎಲೆಯೊಂದರ ತುದಿ ಸ್ವಲ್ಪ ಸೊಟ್ಟಗಿತ್ತು. ಅವಳ ಕೈಯಲ್ಲಿ ಎಲೆ ಸೊಟ್ಟಗಾಗುವುದೇ ಇಲ್ಲ. ಯಾರೋ ಉಗುರಿನಿಂದ ಎಬ್ಬಿಸಿ ನೋಡಿ, ಮತ್ತೆ ಉಗುಳು ಹಚ್ಚಿ ಒತ್ತಿದ್ದರು. ತಲೆಯೆತ್ತಿದಳು. ಹಿರಿಯವಳು ಅವಳನ್ನೇ ನೋಡುತ್ತಿದ್ದಳು. ತುಟಿಯ ಮೇಲೆ ಅಕ್ಕರೆಯ ನಗು, ಕಣ್ಣಲ್ಲಿ ಬೇರೇನೋ.

ಗೊತ್ತಾಗಿದೆ! ಅದಕ್ಕೇ ಈ ಔದಾರ್ಯ. ಕಿರಿಯವಳ ಮೈಯೆಲ್ಲ ಉರಿದುಹೋಯಿತು. ತಾನು ತೋಡಿದ ಗುಂಡಿಯನ್ನು ಕಂಡುಹಿಡಿದು, ಅದರ ಸುತ್ತ ದೀಪ ಹಚ್ಚಿ, ತನ್ನನ್ನೇ ಕೈಹಿಡಿದು ಕರೆದು ತಂದು ನಿಲ್ಲಿಸಿದ್ದಾಳೆ. ಎಂಥ ಗಟ್ಟಿಗಿತ್ತಿ! ಒಂದು ಕ್ಷಣ ಕಿರಿಯವಳಿಗೆ ಅವಳ ಬಗ್ಗೆ ಮೆಚ್ಚುಗೆಯೇ ಆಯಿತು. ಮರುಕ್ಷಣ ಹಲ್ಲು ಕಚ್ಚಿಕೊಂಡಳು.

“ಅಕ್ಕ ದೊಡ್ಡ ಮನಸ್ಸಿನಿಂದ ಹೇಳ್ತಿದ್ದಾರೆ,” ಎಂದಳು ಜನರ ಕಡೆ ತಿರುಗಿ. “ನಂಬಬೇಡಿ. ಕೆಲಸ ಎಲ್ಲ ಅವರದೇ. ಹೆಬ್ಬೆರಳು ನೋಯ್ತಾ ಇದ್ರೂ ಕೂತು ಮಾಡಿದ್ರು. ನಾನು ಗಂಜಿ ಹಾಕಿಕೊಟ್ಟೆ, ಅಷ್ಟೇ.”

“ಅಯ್ಯೋ ಸುಮ್ನಿರೇ, ನಿಂದೇ ಎಲ್ಲ,” ಎಂದಳು ಹಿರಿಯವಳು.

“ಇಲ್ಲಕ್ಕ, ನಿಮ್ಮದೇ.”

“ಬಂಗಾರದಂಥ ಕೈ ನಿಂದು, ಮುಚ್ಚಿಡಬೇಡ.”

“ನಿಮ್ಮ ಹತ್ರ ಕಲಿತ ಕೈ ಅಕ್ಕ. ಹಾಕಿ, ನೀವೇ ಹಾಕಿ.”

ಕೌದಿ ಇಬ್ಬರ ನಡುವೆ ಆಚೆಗೂ ಈಚೆಗೂ ಹೋಗಿಬಂತು. ಸುತ್ತ ನಿಂತ ಹೆಂಗಸರ ಕಣ್ಣಲ್ಲಿ ನೀರು. ಓರಗಿತ್ತಿಯರೆಂದರೆ ಹೀಗಿರಬೇಕು ಎಂದು ಒಬ್ಬಳು, ನಮ್ಮನೆಯದನ್ನು ಕರ್ಕೊಂಡು ಬಂದು ತೋರಿಸಬೇಕಿತ್ತು ಎಂದು ಇನ್ನೊಬ್ಬಳು. ಟೇಪಮ್ಮನೂ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡು ನಡುವೆ ಬಂದು ಕೌದಿಯನ್ನು ಇಬ್ಬರ ಕೈಯಿಂದಲೂ ತೆಗೆದುಕೊಂಡಳು.

“ಸಾಕು ಸಾಕು, ಇಬ್ಬರ ಹೆಸರೂ ಬರೆಸ್ತೀನಿ. ಇಬ್ಬರದೂ ಕೆಲಸ, ಇಬ್ಬರಿಗೂ ಗೌರವ. ನೀರಿಗೆ ನಾನೇ ಹಾಕ್ತೀನಿ,” ಎಂದು ಕೌದಿಯನ್ನು ಟಬ್ಬಿನ ಮೇಲೆ ಹಿಡಿದಳು.

ಇಬ್ಬರ ಹೆಸರು ಎಂದ ಕೂಡಲೇ ಹಿರಿಯವಳ ಮುಖದ ನೀರಿಳಿಯಿತು. ಕಿರಿಯವಳು ಕೈಕಟ್ಟಿ ಸುಮ್ಮನೆ ನಿಂತಳು. ಮುಳುಗಿದರೆ ಇಬ್ಬರೂ ಮುಳುಗೋಣ, ನನಗೇನು? ಅಂಚು ಇನ್ನೇನು ನೀರು ಮುಟ್ಟಬೇಕು, ಹಿರಿಯವಳು ಹಾರಿಬಿದ್ದು ಟೇಪಮ್ಮನ ಕೈ ಹಿಡಿದುಕೊಂಡಳು.

“ಹಾಕಬೇಡಿ! ಅದರಲ್ಲಿ ಹೊಲಿಗೆ ಇಲ್ಲ! ಎಲ್ಲ ಬರೀ ಗಂಜಿ, ಅಂಟಿಸಿದ್ದಾಳೆ ಇವಳು!”

ಟೇಪಮ್ಮನ ಕೈ ನೀರಿನ ಮೇಲೇ ನಿಂತಿತು.

“ಏನಂದ್ರಿ?” ಎಂದಳು ಟೇಪಮ್ಮ. “ನಾನೇ ಬಗ್ಗಿ ನೋಡಿದೀನಿ. ಇಷ್ಟು ಜನ ನೋಡಿದ್ದಾರೆ. ನಮಗ್ಯಾರಿಗೂ ಗೊತ್ತಾಗದ್ದು ನಿಮಗೆ ಹೇಗೆ ಗೊತ್ತಾಯ್ತು?”

ಕೌದಿ ಹಾಕುವವರಿಗೊಂದು ಅಹಂಕಾರ ಇರುತ್ತದೆ. ಕೈಯ ಅಹಂಕಾರ. ನಿನಗೆ ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳಿದರೆ ಅದು ಸುಮ್ಮನಿರುವುದಿಲ್ಲ. ಹಿರಿಯವಳು ಎದೆಯುಬ್ಬಿಸಿದಳು.

“ಮುಟ್ಟಿದ್ರೆ ಗೊತ್ತಾಗಲ್ವೇನ್ರೀ? ನೋಡೋದ್ಯಾಕೆ? ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಕೊಡಿ, ಗಂಜಿ ಯಾವುದು ಹತ್ತಿ ಯಾವುದು ಹೊಲಿಗೆ ಯಾವುದು ಅಂತ ಒಂದೇ ಸಲ ಮುಟ್ಟಿ ಹೇಳ್ತೀನಿ. ನನ್ನ ಕೈಗೆ ಮೋಸ ಮಾಡೋರು ಇನ್ನೂ ಹುಟ್ಟಬೇಕು!”

ಕಿರಿಯವಳು ಏನೂ ಹೇಳಬೇಕಾಗಿರಲಿಲ್ಲ. ಆ ಕಥೆಯನ್ನು ಕೇಳದವರು ಆ ಹಿತ್ತಿಲಿನಲ್ಲಿ ಒಬ್ಬರೂ ಇರಲಿಲ್ಲ. ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡು ಹೇಳಿದವಳೇ ಇವಳು. ಮೊದಲು ಒಬ್ಬಳು ಪಕ್ಕದವಳ ಮುಖ ನೋಡಿದಳು. ಆಮೇಲೆ ಇನ್ನೊಬ್ಬಳು. ಟೇಪಮ್ಮ ಕೈಯಲ್ಲಿದ್ದ ಕೌದಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

ಬಾಯಿಬಿಟ್ಟವರು ಅತ್ತೆ.

“ಹಂಗಾದ್ರೆ ಆ ನಕ್ಷತ್ರ?” ಎಂದರು, ಕುರ್ಚಿಯ ಕೈಗಳನ್ನು ಹಿಡಿದು ಎದ್ದು ನಿಲ್ಲುತ್ತಾ. “ಅವತ್ತೂ ಮುಟ್ಟಿ ನೋಡಿದ್ದೆ ಅಲ್ವೇನೇ ನೀನು?”

ಹಿರಿಯವಳು ಎಲ್ಲರ ಕಡೆಗೂ ಒಮ್ಮೆ ನೋಡಿ, ಕೊನೆಗೆ ಕಿರಿಯವಳನ್ನು ನೋಡಿದಳು. ಅಲ್ಲಿ ಕರುಣೆ ಇದೆಯೇ ಎಂದು ಹುಡುಕಿದಳೋ ಏನೋ, ಇರಲಿಲ್ಲ.

“ಹೇಳಿ ಅಕ್ಕ,” ಎಂದಳು ಕಿರಿಯವಳು. “ಅತ್ತೆ ಕೇಳ್ತಿದ್ದಾರೆ.”

“ಗೊತ್ತಿತ್ತು,” ಎಂದಳು ಹಿರಿಯವಳು. ದನಿ ಹೂತುಹೋಗಿತ್ತು. ಆಮೇಲೆ ತಟ್ಟನೆ ತಲೆಯೆತ್ತಿ, “ಗೊತ್ತಿದ್ದೇ ಹಾಕಿದೆ, ಏನಿವಾಗ? ಆ ನಕ್ಷತ್ರ ಹಾಲಿಗೆ ಬಂದಿದ್ರೆ ನನ್ನ ಚೌಕಗಳನ್ನ ಯಾರು ತಿರುಗಿ ನೋಡ್ತಿದ್ರು?” ಎಂದಳು.

ಆ ಮಾತು ಕಿವಿಗೆ ಬಿದ್ದಾಗ ಕಿರಿಯವಳ ಕಣ್ಣು ಮಂಜಾಯಿತು. ಎರಡು ವರ್ಷದ ಹಸಿವಿಗೆ ಒಂದೇ ತುತ್ತು, ಆದರೆ ಎಂಥ ತುತ್ತು! ಇನ್ನು ಅವಳು ಸುಮ್ಮನೆ ಮನೆಗೆ ಹೋಗಬಹುದಿತ್ತು. ಕೌದಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ, ಕೂತು ಹೊಲಿದು, ನಾಲ್ಕು ದಿನ ಬಿಟ್ಟು ತಂದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಟೇಪಮ್ಮ ಅದನ್ನೇ ಹೇಳಲು ಬಾಯಿ ತೆರೆದಿದ್ದಳು.

ಕಿರಿಯವಳು ಮೇಜಿನಿಂದ ಕೌದಿಯನ್ನು ಬಾಚಿಕೊಂಡು ಟಬ್ಬಿಗೆ ಹಾಕಿ, ಮೊಣಕೈವರೆಗೆ ಕೈಯಿಳಿಸಿ ಅದುಮಿ ಹಿಡಿದಳು. ನೀರು ತಣ್ಣಗಿತ್ತು. ಕೊಂಚ ಹೊತ್ತು ಏನೂ ಆಗಲಿಲ್ಲ. ಗಂಜಿ ನಿಜಕ್ಕೂ ಚೆನ್ನಾಗಿ ಕುದಿದಿತ್ತು. ಆಮೇಲೆ ಒಂದು ಎಲೆ ಕಳಚಿಕೊಂಡು ಮೇಲೆ ಬಂತು, ಅದರ ಮಡಿಸಿದ ಅಂಚು ನಿಧಾನವಾಗಿ ಬಿಚ್ಚಿಕೊಂಡಿತು. ಅದರ ಹಿಂದೆ ಇನ್ನೊಂದು. ಹೂವುಗಳು. ಕೊನೆಗೆ ಹಕ್ಕಿಗಳೆಲ್ಲ ಒಟ್ಟಿಗೆ. ನೀರು ಹಾಲಿನಂತೆ ಬೆಳ್ಳಗಾಯಿತು. ಅಡಿಬಟ್ಟೆಯ ಮೇಲೆ ಖಾಲಿ ಎಲೆಗಳ, ಖಾಲಿ ಹಕ್ಕಿಗಳ ಸುತ್ತ ಅವಳು ಹಾಕಿದ್ದ ಅಪ್ಪಟ ಹೊಲಿಗೆ ಮಾತ್ರ ಗೆರೆಗೆರೆಯಾಗಿ ಉಳಿಯಿತು.

“ಥೂ,” ಎಂದಳು ಗುಂಪಿನಲ್ಲಿ ಯಾರೋ. ಯಾರಿಗೆಂದು ತಿಳಿಯಲಿಲ್ಲ. ಬಹುಶಃ ಇಬ್ಬರಿಗೂ.

ಟೇಪಮ್ಮ ಒಳಗೆ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಅತ್ತೆ ಇಬ್ಬರು ಸೊಸೆಯರ ಕಡೆಗೂ ನೋಡದೆ, ಬಾಗಿಲಲ್ಲಿ ಮಾತ್ರ ನಿಂತು, “ಟಬ್ಬು ಖಾಲಿ ಮಾಡಿ ಬನ್ನಿ. ಅವರಿವರ ಕೈಲಿ ಮಾಡಿಸಬೇಡಿ,” ಎಂದು ಹೇಳಿ ನಡೆದರು.

ಎಲೆ ಹಕ್ಕಿಗಳನ್ನು ಕಿರಿಯವಳು ಆರಿಸಿ ಬುಟ್ಟಿಗೆ ಹಾಕಿದಳು. ನೀರು ಕುಡಿದ ಕೌದಿಯನ್ನು ಎತ್ತಲು ನೋಡಿದಳು, ಆಗಲಿಲ್ಲ. ಮೂರು ಪದರದ ಒದ್ದೆ ಕೌದಿ ಒಬ್ಬಳ ಕೈಗೆ ಬಗ್ಗುವುದಲ್ಲ. ಎರಡನೆಯ ಸಲ ಎತ್ತುವಾಗ ಆ ಕಡೆಯ ತುದಿ ಹಗುರವಾಯಿತು. ಹಿರಿಯವಳು ಹಿಡಿದಿದ್ದಳು, ಎಡಗೈಯಲ್ಲಿ ಬಿಗಿಯಾಗಿ, ಬಲಗೈಯಲ್ಲಿ ಹೆಬ್ಬೆರಳು ಬಿಟ್ಟು. ಮಾತಿಲ್ಲದೆ ಎದುರುಬದುರು ನಿಂತರು. ಇವಳು ಬಲಕ್ಕೆ ತಿರುಚಿದಳು, ಅವಳು ಎಡಕ್ಕೆ. ಬೆಳ್ಳನೆಯ ನೀರು ಧೋ ಎಂದು ಇಬ್ಬರ ಕಾಲ ಮೇಲೂ ಸುರಿಯಿತು.

“ನಿನ್ನ ಹೆಸರೂ ಹೋಯ್ತಲ್ಲೇ,” ಎಂದಳು ಹಿರಿಯವಳು ಏದುಸಿರಿನಲ್ಲಿ. “ಇನ್ನು ನಿನಗೆ ಯಾರು ಕೊಡ್ತಾರೆ ಆ ಕುರ್ಚಿ?”

“ಕುರ್ಚಿ ಯಾರಿಗೆ ಬೇಕಾಗಿತ್ತು?”

“ಮತ್ತೇನು ಸಿಕ್ತು ನಿನಗೆ?”

“ನೀವು ಹೇಳಿದ್ದು ಸಿಕ್ತು,” ಎಂದು ಕಿರಿಯವಳು ಇನ್ನೊಂದು ಸುತ್ತು ತಿರುಚಿದಳು.

ಹಿರಿಯವಳು ನೋವಿಗೆ ಮುಖ ಕಿವುಚಿದಳು. ಆದರೂ ಅವಳೂ ಒಂದು ಸುತ್ತು ತಿರುಚಿದಳು, ಮೊದಲಿಗಿಂತ ಜೋರಾಗಿ. ಕೌದಿ ಹಗ್ಗದ ಹಾಗೆ ಬಿಗಿಯಿತು. ನೀರು ಧಾರೆಯಿಂದ ತೊಟ್ಟಿಗೆ ಬಂತು, ತೊಟ್ಟೂ ನಿಂತಿತು. ಹಿಂಡುವುದು ಮುಗಿದಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಆದರೆ ಈಗ ಕೈಬಿಟ್ಟರೆ ಮೊದಲು ಬಿಟ್ಟವಳು ತಾನೇ ಎಂದಾಗುತ್ತದೆ. ಇಬ್ಬರೂ ಬಿಡಲಿಲ್ಲ.